ಕೆಂಪು ಮೂಲೆಯ ಓಬಳೇಶ

ಓಬಳೇಶನನ್ನು ನಾನು ಮೊದಲು ಕಂಡದ್ದು ಅವನ ಬೆನ್ನಿನ ಕಡೆಯಿಂದ. ಮಧುಗಿರಿಯ ಬಸ್ ನಿಲ್ದಾಣಕ್ಕೆ ಎದುರಾಗಿರುವ ಹಳೆಯ ಕಟ್ಟಡವೊಂದರ ಮೆಟ್ಟಿಲ ತಿರುವಿನಲ್ಲಿ, ಹತ್ತಿ ಇಳಿಯುವವರೆಲ್ಲ ಎಲೆಯಡಿಕೆಯ ರಸ ಉಗುಳಿ ಉಗುಳಿ ಕೆಂಪಾಗಿಸಿದ್ದ ಮೂಲೆಯ ಎದುರು, ಅವನು ಕುಕ್ಕುರುಗಾಲಿನಲ್ಲಿ ಕುಳಿತಿದ್ದ. ಕೆನ್ನೆ ಇನ್ನೇನು ಗೋಡೆಗೆ ತಾಗುವಂತಿತ್ತು. ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾನೆಂದು ಭಾವಿಸಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ವಿಚಾರಿಸಿದೆ.

“ಏನಾದರೂ ಬಿತ್ತೇನಪ್ಪಾ?”

“ಏನೂ ಬಿದ್ದಿಲ್ಲ ಸಾ. ನೀವು ಬೆಳಕಿಗೆ ಅಡ್ಡ ನಿಂತಿದ್ದೀರ. ಒಸಿ ಅತ್ಲಾಗೆ ಸರ್ಕಳಿ.”

ಸರಿದೆ. ಆಗ ಅವನ ಕೈಯಲ್ಲಿದ್ದ ಕ್ಯಾಮೆರಾ ಕಾಣಿಸಿತು. ಅವನು ಉಗುಳಿನ ಚಿತ್ರ ತೆಗೆಯುತ್ತಿದ್ದ.

ನಾನು ಕನ್ನಡ ಪಾಠ ಹೇಳುತ್ತಿದ್ದ ಖಾಸಗಿ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ಆ ಕಟ್ಟಡದ ಮಹಡಿಯಲ್ಲಿದ್ದ ಸ್ಟುಡಿಯೋದಲ್ಲಿ ಲಗ್ನಪತ್ರಿಕೆ, ಕರಪತ್ರಗಳ ಬರಹ ತಿದ್ದುವವರು ಬೇಕಾಗಿದ್ದಾರೆಂದು ಯಾರೋ ಹೇಳಿದ್ದರಿಂದ ಕೊರಟಗೆರೆಯಿಂದ ಬಂದಿದ್ದೆ. ಮಹಡಿ ಹತ್ತಿ ಕುಳಿತು ಕಾದೆ. ಸ್ವಲ್ಪ ಹೊತ್ತಿನ ಮೇಲೆ ಉಗುಳಿನ ಚಿತ್ರಗಾರನೇ ಒಳಗೆ ಬಂದು, ಸಾಬೂನು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಯಜಮಾನನ ಕುರ್ಚಿಯಲ್ಲಿ ಕುಳಿತ. ನನಗೆ ಎದ್ದು ಹೋಗಬೇಕೆನಿಸಿತು. ಹೋಗಲು ಬೇರೆ ಕೆಲಸವಿರಲಿಲ್ಲ.

ಅವನು ಸ್ವತಃ ಅತ್ಯಂತ ಶುಚಿಯಾದ ಮನುಷ್ಯ ಎಂಬುದೇ ನನಗೆ ಕೊನೆಯವರೆಗೂ ಬಿಡಿಸಲಾಗದ ಸಂಗತಿಯಾಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತರಿಸಿದ ಉಗುರು, ಒರೆಸಿದ ಮೇಜು. ಎಲೆಯಡಿಕೆಯನ್ನು ಬಾಯಿಗೆ ಹಾಕಿದವನಲ್ಲ. ಆದರೆ ಅವನ ಕಣ್ಣು ಮಾತ್ರ, ಸಭ್ಯರು ಮುಖ ತಿರುಗಿಸುವ ಕಡೆಗೇ ಹೋಗುತ್ತಿತ್ತು. ಊರಿಗೆ ಬಂದವರೆಲ್ಲ ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಸೆರೆಹಿಡಿಯಲು ಕತ್ತೆತ್ತುತ್ತಿದ್ದರೆ ಇವನು ಬೆಟ್ಟಕ್ಕೆ ಬೆನ್ನು ಹಾಕಿ ಚರಂಡಿಗೆ ಬಗ್ಗುತ್ತಿದ್ದ. ಒಮ್ಮೆ ಕೇಳಿಯೂ ಬಿಟ್ಟೆ.

“ಬೆಟ್ಟ ಎಲ್ಲಾರ್ಗೂ ಕಾಣ್ತೈತಲ್ಲ ಮೇಷ್ಟ್ರೇ. ಅದಕ್ಕೆ ನಾನ್ಯಾಕೆ?” ಎಂದ.

ಆಂಧ್ರದ ಗಡಿಗೆ ತಾಗಿದ ಪಾವಗಡದ ಹಳ್ಳಿಯೊಂದು ಅವನ ಊರು. ವ್ಯಾಪಾರದ ಮಾತೆಲ್ಲ ಕನ್ನಡದಲ್ಲಿ. ತನಗೆ ನಿಜವಾಗಿ ಬೇಕಾದದ್ದನ್ನು ಕೇಳುವಾಗ ಮಾತ್ರ ತಾಯಿಯಿಂದ ಬಂದ ತೆಲುಗು ಹೊರಡುತ್ತಿತ್ತು. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, “ಬಾಗುಂದಾ?” ಎನ್ನುತ್ತಿದ್ದ. ಚೆನ್ನಾಗಿದೆಯೇ ಎಂದು ಅರ್ಥ. ಆ ಪದವನ್ನು ಅವನು ಗಿರಾಕಿಗಳ ಮುಂದೆ ಬಳಸಿದ್ದನ್ನು ನಾನು ಕೇಳಿಲ್ಲ.

ಅವನ ಕೆಲಸದ ಕ್ರಮ ಹೀಗಿತ್ತು. ಕಂಡ ಹೊಲಸಿನ ಚಿತ್ರವನ್ನು ಬಹಳ ಹತ್ತಿರದಿಂದ ತೆಗೆಯುತ್ತಿದ್ದ. ಅದರಲ್ಲಿ ಅಂಗೈಯಗಲದ ಭಾಗವೊಂದನ್ನು ಕತ್ತರಿಸಿ, ಬಟ್ಟೆ ಮಡಿಚಿದಂತೆ ಅದನ್ನು ಎಡಕ್ಕೂ ಬಲಕ್ಕೂ ಮೇಲಕ್ಕೂ ಕೆಳಕ್ಕೂ ಮಗುಚಿ ಜೋಡಿಸುತ್ತಿದ್ದ. ಸೋರಿದ್ದು ಬಳ್ಳಿಯಾಗುತ್ತಿತ್ತು, ಚೆಲ್ಲಿದ್ದು ಹೂವಾಗುತ್ತಿತ್ತು. ಆ ಮೇಲೆ ನನ್ನನ್ನು ಕರೆಯುತ್ತಿದ್ದ. ಅವನ ನಿಯಮವೊಂದಿತ್ತು: ಮೊದಲು ನೋಡಬೇಕು, ಅನಂತರ ಕೇಳಬೇಕು. ಕೇಳದಿದ್ದರೆ ಅವನು ಮೂಲವನ್ನು ಹೇಳುತ್ತಿರಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಿರಲಿಲ್ಲ.

ಮೊದಲ ಸಲ ಪರದೆಯ ಮೇಲೆ ನವಿಲಿನ ಕತ್ತಿನಂಥ ನೀಲಿ, ಹಸಿರು, ನೇರಳೆಗಳ ಹೊಳಪು ಕಂಡಿತು. ಸಿರಾದ ರೇಷ್ಮೆ ಸೀರೆಯ ವ್ಯಾಪಾರಿಯೊಬ್ಬರ ಕೈಚೀಲಕ್ಕೆಂದು ಮಾಡಿದ್ದ. ಬಹಳ ಸೊಗಸಾಗಿದೆ ಎಂದೆ. ಯಾವ ಸೀರೆಯ ಸೆರಗು ಎಂದೂ ಕೇಳಿದೆ.

“ಸೆರಗಲ್ಲ ಸಾ. ಸಿರಾದಾಗೆ ಲಾರಿ ರಿಪೇರಿ ಮಾಡ್ತಾರಲ್ಲ, ಅದರ ಹಿಂದ್ಗಡೆ ಚರಂಡಿ. ನೀರ ಮ್ಯಾಲೆ ಡೀಸೆಲ್ ನಿಂತಿತ್ತು. ಒಂದು ಹೆಗ್ಗಣ ಸತ್ತು ತೇಲ್ತಿತ್ತು, ಅದನ್ನ ಬುಟ್ಟು ತೆಗೆದಿದ್ದೀನಿ.”

ಮುಖ ತಿರುಗಿಸಿದೆ.

“ಈಗ ತಾನೇ ಸೊಗಸು ಅಂದ್ರಲ್ಲ ಮೇಷ್ಟ್ರೇ?”

“ತಿಳಿಯದೆ ಅಂದೆ.”

ಅವನ ಮುಖ ಸಣ್ಣದಾಯಿತು. ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತ ಹೇಳಿದ: “ತಿಳೀದೆ ಎಲ್ಲಾರೂ ಅಂತಾರೆ ಸಾ. ನಮ್ಮ ಮನೆಯೋಳೂ ಅಂತಾಳೆ, ಸೀರೆ ಸಾವ್ಕಾರ್ರೂ ಅಂತಾರೆ. ಅಂಗಂದಾಗೆಲ್ಲ ನಂಗೆ ಮೋಸ ಮಾಡ್ದಂಗೆ ಆಯ್ತದೆ. ಏನು ಅಂತ ತಿಳ್ಕಂಡು, ಆಮ್ಯಾಕೂ ಕಣ್ಣು ಕೀಳ್ದೆ ನೋಡೋರು ಒಬ್ಬರು ಸಿಗ್ಬೇಕು. ಒಬ್ಬರು ಸಾಕು. ನೀವು ಎಲ್ಲಾನೂ ಸರಿಯಾಗಿ ನೋಡೋರು, ಅದಕ್ಕೆ ನಿಮಗೆ ತೋರಿಸ್ತೀನಿ.”

ಅಂದಿನಿಂದ ಇದು ನಮ್ಮಿಬ್ಬರ ನಡುವಿನ ಹಟವಾಯಿತು. ಅವನು ತೋರಿಸುವುದು, ನಾನು ನೋಡುವುದು, ಕೇಳುವುದು, ಹೇಸುವುದು. ಪಾವಗಡದ ಕಡೆ ಗುತ್ತಿಗೆಗೆ ಹೋದ ಹೊಲಗಳ ಸೋಲಾರ್ ಫಲಕಗಳ ಮೇಲೆ ಹಕ್ಕಿಗಳು ಹಾಕಿದ್ದ ಹಿಕ್ಕೆ, ಅವನ ಕೈಯಲ್ಲಿ ಕಡುನೀಲಿ ಆಕಾಶದ ನಕ್ಷತ್ರಗಳಾಯಿತು. ಒಬ್ಬ ಜ್ಯೋತಿಷಿ ಅದನ್ನು ತಮ್ಮ ವಿಸಿಟಿಂಗ್ ಕಾರ್ಡಿಗೆ ಹಾಕಿಸಿಕೊಂಡು ಹೋದರು. ಅವರು ಮೂಲವನ್ನು ಕೇಳಲಿಲ್ಲ. ಕೇಳಿದ್ದರೆ ಓಬಳೇಶ ಖಂಡಿತವಾಗಿ ಹೇಳುತ್ತಿದ್ದ.

ಊರಿನ ಉಳಿದ ವಿನ್ಯಾಸಕಾರರ ಕೆಲಸವೂ ನನಗೆ ಹಿಡಿಸುತ್ತಿರಲಿಲ್ಲ ಎಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಬೇಕು. ಬಿಸಿಲಲ್ಲಿ ಬೆಂದು ಕಪ್ಪಾದ ನಮ್ಮ ಜನರ ಮುಖಗಳಿಗೆ ಸುಣ್ಣ ಬಳಿದಂಥ ಬಿಳುಪು. ಬೆನ್ನ ಹಿಂದೆ ಯಾವುದೋ ದೇಶದ ಹಿಮ, ಯಾವುದೋ ಜಲಪಾತ. ನಾಮಕರಣದ ಫ್ಲೆಕ್ಸಿನಲ್ಲಿ ಕೂಸಿಗಿಂತ ದೊಡ್ಡದಾಗಿ ನಗುವ ಮುಖಂಡರು. ಗಾಳಿಗೆ ಹರಿದು ಅವು ಕಂಬಗಳಿಗೆ ಜೋತುಬಿದ್ದಾಗ ಊರೇ ಚರ್ಮ ಸುಲಿಸಿಕೊಂಡಂತೆ ಕಾಣುತ್ತಿತ್ತು. ಓಬಳೇಶ ಅಂಥದ್ದನ್ನು ಮಾಡುತ್ತಿರಲಿಲ್ಲ. “ಆ ನೀರು ಎಲ್ಲಿ ಬೀಳ್ತೈತೋ ನಾ ಕಂಡಿಲ್ಲ. ಕಾಣ್ದೇ ಇರೋದನ್ನ ಹೆಂಗೆ ಹಾಕ್ಲಿ?” ಎನ್ನುತ್ತಿದ್ದ. ಸುಳ್ಳಿನ ಹಿಮ, ನಿಜದ ಹೊಲಸು: ಇವೆರಡರ ನಡುವೆ ನನಗೆ ನಿಲ್ಲಲು ಜಾಗವಿರಲಿಲ್ಲ.

ಒಮ್ಮೆ ಸಿರಾ ತಾಲ್ಲೂಕಿನ ಹುಲಿಕುಂಟೆಯ ಕಡೆ ಗೃಹಪ್ರವೇಶವೊಂದರ ಚಿತ್ರ ತೆಗೆಯಲು ಹೋದಾಗ, ಅವರ ಆಹ್ವಾನಪತ್ರಿಕೆ ತಿದ್ದಿದ್ದ ನನ್ನನ್ನೂ ಕರೆದೊಯ್ದ. ಹೋಮ ಆರಂಭವಾಗುವ ಹೊತ್ತಿಗೆ ಛಾಯಾಗ್ರಾಹಕನೇ ಕಾಣೆ. ಹುಡುಕಿಕೊಂಡು ಹೋದರೆ, ಊರಾಚೆಯ ಕುರಿಹಟ್ಟಿಯಲ್ಲಿ ಮಂಡಿಯೂರಿ, ಗಂಜಲದಲ್ಲಿ ನೆನೆದು ಬಿರುಕುಬಿಟ್ಟ ನೆಲದ ಮೇಲಿನ ಕುರಿಹಿಕ್ಕೆಯನ್ನು ತೆಗೆಯುತ್ತಿದ್ದಾನೆ. ಹಟ್ಟಿಯ ಯಜಮಾನಿ ಸೊಂಟಕ್ಕೆ ಕೈಕೊಟ್ಟು ನಿಂತು ನೋಡುತ್ತಿದ್ದಳು.

“ಲೇ, ಅದೇನ್ಲಾ ತೆಗೀತಿದ್ದೀಯ?”

“ಹಿಕ್ಕೆ ಕಣಮ್ಮ.”

“ಹಿಕ್ಕೆ ಬೇಕಿದ್ರೆ ಒಂದು ಚೀಲ ತುಂಬ್ಕಂಡೋಗು. ಫೋಟ ಯಾಕ್ಲಾ? ಗೊಬ್ಬರ ಆಯ್ತದಾ ಅದು?”

ಆಮೇಲೆ ನನ್ನ ಕಡೆಗೆ ತಿರುಗಿ, “ಓದ್ದೋರಂಗೆ ಕಾಣ್ತೀರ, ನೀವಾರ ಹೇಳಬಾರದಾ? ಬಿಸ್ಲಿಗೆ ತಲೆ ಕೆಟ್ಟೈತೇನೋ, ಒಸಿ ಮಜ್ಜಿಗೆ ಕೊಡ್ಲಾ?” ಎಂದಳು. ಅವನು ಮಜ್ಜಿಗೆ ಕುಡಿದ. ಆ ವಾಸನೆಯಲ್ಲಿ ನನಗೆ ಒಂದು ಗುಟುಕೂ ಇಳಿಯಲಿಲ್ಲ. ಹಿಂದಿರುಗುವಾಗ ಅವನ ಪ್ಯಾಂಟಿನ ಮಂಡಿಗಳಿಂದ ಬರುತ್ತಿದ್ದ ನಾತಕ್ಕೆ ನಾನು ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕುಳಿತೆ.

ಇನ್ನು ಮೆಟ್ಟಿಲಿನ ಮೂಲೆಯ ವಿಷಯ. ಕಟ್ಟಡದ ಕೆಳಗಡೆ ಗೊಬ್ಬರದ ಅಂಗಡಿ ಇಟ್ಟಿದ್ದ ಕೆಂಚಪ್ಪ ಎಂಬವನು ಆ ಮೂಲೆಯ ಮುಖ್ಯ ಪೋಷಕ. ಬಾಯಲ್ಲಿ ಸದಾ ಎಲೆಯಡಿಕೆ. ಮೇಲಿನ ನಲ್ಲಿಯಿಂದ ಕೊಡ ತುಂಬಿಸಿಕೊಳ್ಳಲು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಪಿಚಕ್ಕನೆ ಉಗುಳುತ್ತಿದ್ದ. ನಾನು ಆಕ್ಷೇಪಿಸಿದೆ.

“ಮತ್ತೆ ಮೂಲೆ ಇರೋದ್ಯಾಕೆ ಮೇಷ್ಟ್ರೇ?” ಎಂದು ಬಾಯೆತ್ತಿ, ರಸ ಚೆಲ್ಲದಂತೆ ಕೇಳಿದ. “ಮೂಲೆಗೆ ಉಗುಳ್ದೆ ನಡೂ ಮಧ್ಯಕ್ಕೆ ಉಗುಳಾಕಾಯ್ತದಾ?”

ನಾನು ಬಿಡಲಿಲ್ಲ. ಕಟ್ಟಡದ ಮಾಲೀಕರನ್ನು ಹಲವು ಸಲ ಕಂಡು, ಬಾಡಿಗೆದಾರರೆಲ್ಲರ ಸಹಿ ಹಾಕಿಸಿ, ಮೂಲೆಗೆ ಸುಣ್ಣ ಹೊಡೆಸಿದೆ. ಮನವಿಗೆ ಸಹಿ ಹಾಕುವಾಗ ಓಬಳೇಶ ಕಷ್ಟಪಟ್ಟ. “ಇನ್ನೊಂದು ವಾರ ಬುಡಿ ಸಾ. ಮಳೆ ತೇವಕ್ಕೆ ಈಗೀಗ ಅಂಚು ಹರಡ್ತೈತೆ” ಎಂದ. ಆದರೂ ಹಾಕಿದ. ಸುಣ್ಣ ಒಣಗುವ ಮೊದಲೇ ಕೆಂಚಪ್ಪ ಅದಕ್ಕೆ ಹೊಸ ಅಭಿಷೇಕ ಮಾಡಿದ. ಬಿಳಿಯ ಮೇಲೆ ಹೊಚ್ಚ ಕೆಂಪು. ಓಬಳೇಶ ಕ್ಯಾಮೆರಾ ಹಿಡಿದು ಓಡಿಬಂದ. “ಥೂ” ಎಂದೆ ನಾನು. “ಮೇಷ್ಟ್ರೇ, ಹೊಸ ಹಾಳೆ ಹಾಕ್ಕೊಟ್ರಿ” ಎಂದ ಅವನು, ನಿಜವಾದ ಕೃತಜ್ಞತೆಯಿಂದ.

ಅದೇ ವರ್ಷ ನನ್ನ ಮಗಳು ಸುಮಾಳ ಮದುವೆ ಗೊತ್ತಾಯಿತು. ಬೀಗರು ಸಿರಾದವರು, ರಂಗಸ್ವಾಮಯ್ಯನವರು. ಪರರ ಮನೆಯಲ್ಲಿ ನೀರು ಕುಡಿಯುವ ಮೊದಲು ಲೋಟವನ್ನು ಎರಡು ಸಲ ತೊಳೆಸುವ ಮಡಿವಂತರು. ಲಗ್ನಪತ್ರಿಕೆಯ ಬರಹ ನನ್ನದು. ಒಂದು ಅಕ್ಷರವೂ ಆಚೀಚೆ ಆಗದಂತೆ ನೋಡಿಕೊಂಡೆ. ವಿನ್ಯಾಸ ಓಬಳೇಶನ ಉಡುಗೊರೆ. ಅವನ ಚಾಳಿ ತಿಳಿದಿದ್ದರಿಂದ, ಯಾವುದಾದರೂ ಹೂವಿನ ಅಂಚು ಹಾಕು ಎಂದು ಮೊದಲೇ ಹೇಳಿದ್ದೆ. ಅವನು ತಲೆಯಾಡಿಸಿದ್ದ. ಪತ್ರಿಕೆ ಬಂದಾಗ, ಕೆನೆಬಣ್ಣದ ಕಾಗದದ ನಾಲ್ಕು ಅಂಚಿನಲ್ಲೂ ದಟ್ಟ ಕೆಂಪಿನ ಎಸಳುಗಳು ಒಂದರೊಳಗೊಂದು ಬಿಚ್ಚಿಕೊಳ್ಳುತ್ತಿದ್ದವು. ಎಸಳಿನ ತುದಿ ಕೇಸರಿಗೆ, ಕೇಸರಿ ಹೊನ್ನಿನ ಬಣ್ಣಕ್ಕೆ ಕರಗುತ್ತಿತ್ತು. ಅಷ್ಟು ಚೆಲುವಾದ ಪತ್ರಿಕೆ ನಮ್ಮ ನೆಂಟರಲ್ಲಿ ಯಾರೂ ಮಾಡಿಸಿರಲಿಲ್ಲ. ನನ್ನ ಹೆಂಡತಿ ಗಿರಿಜ ಸಂಪ್ರದಾಯದಂತೆ ಮೊದಲ ಪ್ರತಿಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಮನೆದೇವರ ಪಾದದ ಬಳಿ ಇಟ್ಟು, ಕರ್ಪೂರ ಬೆಳಗಿ, ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡಳು. ನಾನೂ ಒತ್ತಿಕೊಂಡೆ.

ಮರುದಿನ ಸ್ಟುಡಿಯೋಗೆ ಹೋದವನು ಸಂತೋಷದಿಂದಲೇ ಕೇಳಿದೆ: “ಯಾವ ಹೂವು ಓಬಳೇಶ ಅದು?”

ಅವನ ಕಣ್ಣು ಬಾಗಿಲಿನ ಕಡೆಗೆ, ಬಾಗಿಲಿನಾಚೆಯ ಮೆಟ್ಟಿಲಿನ ಕಡೆಗೆ ಹೋಯಿತು. ಕೆಳಗಿನಿಂದ ಕೆಂಚಪ್ಪ ಕೆಮ್ಮುತ್ತ ಹತ್ತಿಬರುವ ಸದ್ದು, ಆಮೇಲೆ ಪಿಚಕ್ ಎಂಬ ಸದ್ದು ಕೇಳಿಸಿತು.

ನಾನು ಹೊರಗೆ ಓಡಿ, ನಲ್ಲಿಯ ಬಳಿ ಮುಖವನ್ನೂ ಕಣ್ಣನ್ನೂ ತೊಳೆದುಕೊಂಡೆ. ತೊಳೆದಷ್ಟೂ ರೆಪ್ಪೆಗೆ ಏನೋ ಅಂಟಿದಂತೆ ಇತ್ತು. ಒಳಗೆ ಬಂದು, ನನ್ನ ಜೀವನದಲ್ಲಿ ಯಾವ ವಿದ್ಯಾರ್ಥಿಗೂ ಆಡದ ಮಾತುಗಳನ್ನು ಅವನಿಗೆ ಆಡಿದೆ. ಕೊನೆಗೆ ಕೇಳಿದೆ: “ದೇವರ ಪಾದಕ್ಕೆ ಇಟ್ಟಿದ್ದೇವೆ. ಅದು ಕೆಂಚಪ್ಪನ ಎಂಜಲು ಎಂದು ಹೇಳಲು ನಿನಗೆ ಬಾಯಿ ಬರಲಿಲ್ಲವೇ?”

“ನೀವು ಕೇಳ್ಲಿಲ್ಲ” ಎಂದ. ಆಮೇಲೆ ಮೆಲ್ಲಗೆ, “ನನ್ನ ಹತ್ರ ಇರೋದ್ರಾಗೆಲ್ಲ ಚೆಂದದ್ದು ಅದೇ ಸಾ. ಸುಮಮ್ಮಂಗೆ ಅದಕ್ಕಿಂತ ಕಮ್ಮೀದು ಹೆಂಗೆ ಕೊಡ್ಲಿ?”

ಸಿಟ್ಟು ಇಳಿಯುವ ಮೊದಲೇ, ಪತ್ರಿಕೆ ಕಂಡು ಬೆರಗಾಗಿದ್ದ ರಂಗಸ್ವಾಮಯ್ಯನವರು ತಮ್ಮ ಪಾಲಿನ ಪ್ರತಿಗಳನ್ನು ಒಯ್ಯಲು ಖುದ್ದಾಗಿ ಬಂದರು. ಪಂಚೆಯನ್ನು ಎತ್ತಿ ಹಿಡಿದು, ಮೂಲೆಯನ್ನು ನೋಡದಂತೆ ಕತ್ತು ತಿರುಗಿಸಿಕೊಂಡು ಮೆಟ್ಟಿಲು ಹತ್ತಿದ್ದರು. ಕುಳಿತು, ಪತ್ರಿಕೆಯ ಅಂಚನ್ನು ಬೆರಳಿನಿಂದ ಸವರಿದರು.

“ಯಾವ ಹೂವಪ್ಪಾ ಇದು? ಗುರುತು ಹತ್ತುತ್ತಿಲ್ಲವಲ್ಲ.”

ಓಬಳೇಶ ಸುಳ್ಳು ಹೇಳುವವನಲ್ಲ. ಅವನು ನನ್ನನ್ನು ನೋಡಿದ, ಪತ್ರಿಕೆಯನ್ನು ನೋಡಿದ.

“ಮೇಷ್ಟ್ರಿಗೆ ಚೆನ್ನಾಗಿ ಗೊತ್ತು ಸಾ. ಅವರನ್ನೇ ಕೇಳಿ.”

“ಮುತ್ತುಗದ ಹೂವು” ಎಂದೆ.

“ಹಾಗೋ. ಶ್ರೇಷ್ಠವಾದದ್ದು” ಎಂದು ಬೀಗರು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡರು.

ಅವರು ಇಳಿದು ಹೋದ ಮೇಲೆ ಓಬಳೇಶ ನಗು ತಡೆದುಕೊಂಡು ಉಳಿದ ಪತ್ರಿಕೆಗಳನ್ನು ಜೋಡಿಸತೊಡಗಿದ. ತಡೆಯಲಾರದೆ ಹೇಳಿದ: “ಮುತ್ತುಗ ಚೆನ್ನಾಗಿತ್ತು ಸಾ.” ನಾನು ಅವನೊಡನೆ ಮದುವೆ ಮುಗಿಯುವವರೆಗೆ ಮಾತಾಡಲಿಲ್ಲ. ಗಿರಿಜಳಿಗೆ ಇಂದಿಗೂ ಹೇಳಿಲ್ಲ. ಇದನ್ನು ಓದಿ ತಿಳಿಯಲಿ.

ನನ್ನ ಹೇಸಿಗೆ ಬರಿಯ ಮೂಗಿನದಾಗಿರಲಿಲ್ಲ ಎಂಬುದನ್ನು ಆಮೇಲೆ ಅವನಿಗೆ ಕ್ರಮವಾಗಿ ವಿವರಿಸಿದೆ. ಆ ಗೋಡೆಯನ್ನು ಕಂಡು ಉಗುಳಿದವನಿಗೆ ನಾಚಿಕೆಯಾಗಬೇಕು. ನೀನು ಅದರಲ್ಲಿ ಹೂವು ಕಂಡರೆ ಅವನು ನಾಚುವುದು ಯಾವಾಗ? ಚರಂಡಿಯನ್ನು ನವಿಲು ಮಾಡಿದರೆ ಚರಂಡಿ ತೋಡಿಸುವವರು ಯಾರು? ಹೊಲಸಿಗೆ ಅಲಂಕಾರ ಮಾಡುವವನು ಹೊಲಸು ಮಾಡುವವನಿಗಿಂತ ಕೆಟ್ಟವನು. ಓಬಳೇಶ ಗಮನವಿಟ್ಟು ಕೇಳಿದ. “ನೀವು ಹೇಳೋದು ಸರಿ ಸಾ” ಎಂದ. “ಆದ್ರೆ ನೀವು ಅದನ್ನ ನೋಡೋದೇ ಇಲ್ಲ. ನೋಡ್ದೆ ಬಯ್ತೀರ. ಒಂದ್ಸಲ ನೋಡಿ ಬಯ್ರಿ.” ನನ್ನ ವಾದ ಸರಿ ಎಂದು ಈಗಲೂ ನಂಬಿದ್ದೇನೆ. ಅದಕ್ಕೆ ಅವನು ಕೊಟ್ಟದ್ದು ಉತ್ತರವಲ್ಲ.

ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಚರಂಡಿ, ಹಟ್ಟಿ, ಕಸದ ಗುಂಡಿಗಳಲ್ಲಿ ಚಪ್ಪಲಿ ಬಿಟ್ಟು ಇಳಿಯುತ್ತಿದ್ದವನ ಬಲಗಾಲಿಗೆ ಏನೋ ಚುಚ್ಚಿತು, ಗಾಯ ಮಾಯಲಿಲ್ಲ. ಊದಿ, ಕಪ್ಪಾಗಿ, ತುಮಕೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೋಗಿ ನೋಡಿದೆ. ವಾರ್ಡಿನ ಬಾಗಿಲಲ್ಲೇ ಕೊಳೆತ ವಾಸನೆ ತಡೆಯಿತು. ಅವನ ಹೆಂಡತಿ ಲಕ್ಷ್ಮಕ್ಕ ಹೊರಗೆ ಬಂದು, “ಕಾಲು ತೆಗೀಬೇಕಂತೆ ಅಣ್ಣಾ. ಇವರು ನೋಡಿದ್ರೆ ಬ್ಯಾಂಡೇಜು ಬಿಚ್ಚಿದಾಗೆಲ್ಲ ಫೋನ್ ಕೊಡು ಅಂತಾರೆ. ನರ್ಸಮ್ಮ ಬಯ್ದ್ರು” ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಹಾಸಿಗೆಯ ಮೇಲೆ ಅವನು ಸೊರಗಿದ್ದ. ಅಂಗಿ ಮಾತ್ರ ಬಿಳಿ, ಇಸ್ತ್ರಿಯದು. ದಿಂಬಿನ ಕೆಳಗಿನಿಂದ ಫೋನ್ ತೆಗೆದು ನನ್ನ ಕೈಗೆ ಕೊಡುವ ಮೊದಲು ತಡೆದ.

“ಈ ಸಲ ಮೊದ್ಲೇ ಹೇಳ್ಬುಡ್ತೀನಿ ಮೇಷ್ಟ್ರೇ, ನೀವು ಕೇಳೋದು ಬ್ಯಾಡ. ಇದು ನನ್ನ ಕಾಲಿನ ಬಟ್ಟೆ. ಕೀವು, ರಕ್ತ, ಔಷಧಿ. ನೆನ್ನೆ ಬಿಚ್ಚಿದ್ದು. ಈಗ ನೋಡಿ.”

ನೋಡಿದೆ. ಅದೇ ವಾಸನೆ ಎರಡು ಮೊಳದ ಆಚೆ ಮಂಚದ ಮೇಲೆ ಇತ್ತು. ಚಿತ್ರಕ್ಕೂ ಮೂಲಕ್ಕೂ ನಡುವೆ ಈ ಸಲ ಯಾವ ಮರೆಯೂ ಇರಲಿಲ್ಲ. ಅವನು ಅದನ್ನು ಮಡಿಚಿ ಜೋಡಿಸಿರಲಿಲ್ಲ, ಬಣ್ಣ ತಿದ್ದಿರಲಿಲ್ಲ. ಹತ್ತಿಬಟ್ಟೆಯ ಎಳೆಗಳ ಮೇಲೆ ತುಕ್ಕಿನ ಕೆಂಪು, ಅದರ ಸುತ್ತ ಮಾಸಲು ಹಳದಿ, ಹಳದಿಯ ತುದಿಯಲ್ಲಿ ತೆಳುವಾಗಿ, ಗರಿಕೆಯ ಎಳೆಯಷ್ಟು ತೆಳುವಾಗಿ…

“ಬಾಗುಂದಾ?” ಎಂದ. ದನಿ ಬಹಳ ಸಣ್ಣದಾಗಿತ್ತು.

“ಅಸಹ್ಯವಾಗಿದೆ ಓಬಳೇಶ” ಎಂದೆ. ಆದರೆ ಫೋನನ್ನು ಹಿಂದಕ್ಕೆ ಕೊಡಲಿಲ್ಲ. “ಬಹಳ ಅಸಹ್ಯವಾಗಿದೆ. ಆ ಹಸಿರು ಅಂಚು ಮಾತ್ರ…”

ವಾಕ್ಯವನ್ನು ಪೂರ್ತಿ ಮಾಡಲು ನನ್ನಿಂದ ಆಗಲಿಲ್ಲ. ಅವನು ಕಾದ. ಆಮೇಲೆ ದಿಂಬಿಗೆ ತಲೆಯಾನಿಸಿ ಕಣ್ಣು ಮುಚ್ಚಿದ.

“ಸಾಕು ಬುಡಿ ಸಾ. ಅಂಚು ಕಂಡ್ತಲ್ಲ.”

ಕಾಲು ತೆಗೆದರೂ ನಂಜು ನಿಲ್ಲಲಿಲ್ಲ. ಅವನನ್ನು ಪಾವಗಡದ ಆ ಹಳ್ಳಿಯಲ್ಲೇ ಮಣ್ಣು ಮಾಡಿದರು. ಸ್ಟುಡಿಯೋವನ್ನು ಕೊಂಡವರು ಹಿಮ ಮತ್ತು ಜಲಪಾತಗಳ ವ್ಯಾಪಾರ ನಡೆಸುತ್ತಿದ್ದಾರೆ. ಬರಹ ತಿದ್ದಲು ನಾನು ಅಲ್ಲೇ ಮುಂದುವರಿದಿದ್ದೇನೆ. ಕಟ್ಟಡದ ಮಾಲೀಕರು, ಜನ ಹೆದರಿ ಉಗುಳುವುದನ್ನು ಬಿಡಲೆಂದು ಆ ಮೂಲೆಗೆ ದೇವರ ಚಿತ್ರಗಳ ಟೈಲ್ಸ್ ಅಂಟಿಸಿದರು. ಕೆಂಚಪ್ಪ ಭಕ್ತಿವಂತ. ದೇವರಿಗೆ ತಾಗದಂತೆ, ಒಂದು ಗೇಣು ಕೆಳಗೆ ಉಗುಳುತ್ತಾನೆ.

ಮೊನ್ನೆ ಸಂಜೆ ಇಳಿಯುವಾಗ, ಟೈಲ್ಸಿನ ಕೆಳಗೆ ಹಳೆಯ ಸುಣ್ಣ ಎದ್ದು ಹೊಸ ಕೆಂಪು ಅದರೊಳಗೆ ಇಳಿಯುತ್ತಿತ್ತು. ಥೂ ಎಂದುಕೊಂಡೆ. ಕರವಸ್ತ್ರ ಮೂಗಿಗೆ ಒತ್ತಿಕೊಂಡೆ. ಕೆಳಗಿನ ಅಂಗಡಿಯಿಂದ ಕೆಂಚಪ್ಪ ಬಾಯೆತ್ತಿ ಕೂಗಿದ:

“ಏನ್ ಮೇಷ್ಟ್ರೇ, ಆವಾಗ್ನಿಂದ ಗೋಡೆ ನೋಡ್ತಾ ನಿಂತಿದ್ದೀರ? ನಿಮ್ಮ ಕೊರಟಗೆರೆ ಬಸ್ಸು ಹೊಂಟೋಯ್ತಲ್ಲ.”